ಬಲಭುಜ ಯಾವ ಕಡೆ

ಅದು ಭಾನುವಾರವೆಂದು ನೆನಪು. ಅಂಗಡಿ ಮುಚ್ಚಿತ್ತು ಎನ್ನುವುದೊಂದೇ ಅದಕ್ಕೆ ಆಧಾರ. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರೋ, ಬೇರೊಂದು ದಿನದ ಅವರೆಕಾಯಿಯನ್ನು ನಾನೇ ತಂದು ಅಲ್ಲಿ ಇಟ್ಟಿದ್ದೇನೋ ತಿಳಿಯದು. ಮಾತುಗಳು ಮಾತ್ರ ಹೆಚ್ಚುಕಡಿಮೆ ಹೀಗೇ ಇದ್ದವು.

ಬೇಲೂರಿನಲ್ಲಿ ಚಿಕ್ಕಮ್ಮನ ಟೈಲರಿಂಗ್ ಅಂಗಡಿ ಬಾಡಿಗೆಯದು. ಮಾಲೀಕರು ಅದನ್ನು ಮಾರಲು ಹೊರಟಾಗ ಮೊದಲು ಅವಳನ್ನೇ ಕೇಳಿದ್ದರು. ಅವಳ ಉಳಿತಾಯವೆಲ್ಲ ಒಂದೇ ಕಂಪನಿಯ ಷೇರಿನಲ್ಲಿತ್ತು. ಆಗಿನ ಬೆಲೆಗೆ ಮಾರಿದರೆ ಸ್ವಲ್ಪ ಕಡಿಮೆ ಬೀಳುತ್ತಿತ್ತು. ಕಾದರೆ ಸಾಲಬಹುದು, ಬೆಲೆ ಕುಸಿದರೆ ಅಂಗಡಿಯೇ ಕೈತಪ್ಪಬಹುದು. ಆ ಷೇರಿನ ಚಾರ್ಟ್‌ನಲ್ಲಿ ಅವಳಿಗೆ ‘ತಲೆ ಮತ್ತು ಭುಜ’ ಕಾಣಿಸಿತ್ತು: ನಡುವೆ ಎತ್ತರದ ಏರು, ಎರಡು ಪಕ್ಕಗಳಲ್ಲಿ ತಗ್ಗಿನ ಏರು. ಬಲಭುಜ ಮುಗಿದ ಮೇಲೆ ಬೆಲೆ ಬೀಳುತ್ತದೆಂದು ಯಾವುದೋ ವಿಡಿಯೊ ಕಲಿಸಿತ್ತು. ಸಂಖ್ಯಾಶಾಸ್ತ್ರ ಓದಿದವಳೆಂದು ನನ್ನನ್ನು ಅರಸೀಕೆರೆಯಿಂದ ಕರೆಸಿದ್ದಳು.

“ಬಲಭುಜ ತೀರಾ ತಗ್ಗಿದೆಯಲ್ಲ ಚಿಕ್ಕಮ್ಮ,” ಎಂದೆ.

“ಎರಡೂ ಭುಜ ಸಮ ಇರೋರ್ನ ನಾನಂತೂ ನೋಡಿಲ್ಲ ಕಣೇ. ದಿನಾ ಅಳತೆ ತಗೊಳ್ಳೋಳು ನಾನು.”

ಅಜ್ಜಿ ಮೊಬೈಲ್ ಇಸಿದುಕೊಂಡು ದೂರ ಹಿಡಿದು ನೋಡಿದರು. “ಇದು ನಮ್ ಕಡೆ ಮುಖ ಮಾಡೈತೋ, ಬೆನ್ನು ಮಾಡೈತೋ?”

“ಯಾಕಮ್ಮ?” ಎಂದಳು ಚಿಕ್ಕಮ್ಮ.

“ಮುಖ ಮಾಡಿದ್ರೆ ನೀನು ಬಲ ಅಂತಿರೋದು ಅದರ ಎಡ. ಹೂ ಕೇಳೋವಾಗ ದೇವರ ಬಲಗಡೆಯಿಂದ ಬೀಳ್ಬೇಕು, ನಿನ್ ಬಲಗಡೆಯಿಂದ ಅಲ್ಲ.”

ನಕ್ಕೆವು. ಆದರೆ ನನಗೆ ಆ ಮಾತು ಅಲ್ಲೇ ಸಿಕ್ಕಿಕೊಂಡಿತು. ದೇವರಲ್ಲಿ ಹೂ ಕೇಳುವವರಿಗೆ ಯಾವುದು ಹೌದು, ಯಾವುದು ಅಲ್ಲ ಎನ್ನುವುದು ಹೂ ಬೀಳುವ ಮೊದಲೇ ಗೊತ್ತಿರುತ್ತದೆ. ಚಾರ್ಟ್ ನೋಡುವವರಿಗೆ?

ಹಳೆಯ ಚಾರ್ಟ್‌ಗಳನ್ನು ತೆಗೆದು, ಪರದೆಯ ಬಲ ಅರ್ಧವನ್ನು ಲೈನಿಂಗ್ ಬಟ್ಟೆಯ ಚೂರಿನಿಂದ ಮುಚ್ಚಿ ತೋರಿಸಿದೆ. ಆಕಾರ ಕಂಡಲ್ಲೆಲ್ಲ ಚಿಕ್ಕಮ್ಮ “ಬೀಳ್ತದೆ” ಎಂದಳು. ಬಟ್ಟೆ ಸರಿಸಿದರೆ ಕೆಲವು ಬಿದ್ದಿದ್ದವು, ಕೆಲವು ಏರಿದ್ದವು. ಏರಿದವೇ ಹೆಚ್ಚೆಂದು ನನ್ನ ನೆನಪು. ಆದರೆ ನಾನು ಕಾಯುತ್ತಿದ್ದದ್ದೂ ಅವನ್ನೇ. ಓದಿದವಳು ಎಣಿಸಬೇಕಿತ್ತು, ಎಣಿಸಲಿಲ್ಲ.

ಏರಿದ ಒಂದನ್ನು ಕಂಡು ಅವಳೆಂದಳು: “ಇದು ಭುಜಾನೇ ಅಲ್ಲ ಬಿಡು. ಜಾರ್ಕೊಂಡೈತೆ.”

“ಸಮ ಇರೋರೇ ಇಲ್ಲ ಅಂದೆಯಲ್ಲ?”

“ಅದಕ್ಕೂ ಒಂದು ಮಿತಿ ಬೇಡ್ವೇನೇ?”

ಮಿತಿ ಬೇಕು, ಒಪ್ಪಿದೆ. ಅದು ಬಟ್ಟೆ ಸರಿಸಿದ ಮೇಲೇ ಯಾಕೆ ಸಿಗುತ್ತದೆ ಎನ್ನುವುದು ನನ್ನ ಕುತೂಹಲ. ನೆನಪಿನ ವಿಷಯದಲ್ಲಿ ನಾನು ಮಾಡುವುದೂ ಇದನ್ನೇ ಇರಬಹುದು.

ನಾನು ಬಸ್ಸಿಗೆ ಹೊರಟಾಗ ಅವಳು, “ನಾಳೆ ಅರ್ಧ ಮಾರ್ತೀನಿ. ಬಿದ್ರೆ ಚಾರ್ಟ್ ಹೇಳಿದ್ದು ನಿಜ,” ಎಂದಳು.

“ಬೀಳದಿದ್ರೆ?”

“ಇನ್ನೂ ಟೈಮ್ ಐತೆ ಅಂತ.”

ಮರುದಿನ ಅರ್ಧ ಮಾರಿದಳು. ಅಂಗಡಿಯ ಮಾತುಕತೆ ಇನ್ನೂ ನಡೆಯುತ್ತಿದೆ, ಉಳಿದರ್ಧ ಹಾಗೇ ಇದೆ. ಅಂದು ಬಾಗಿಲಲ್ಲಿ ನಿಂತು ನಾನು ಕೇಳಿದ್ದಕ್ಕೆ, ಆಮೇಲೆ ಫೋನಿನಲ್ಲೂ ಕೇಳಿದ್ದಕ್ಕೆ, ಅವಳು ಇವತ್ತಿನವರೆಗೆ ಉತ್ತರ ಕೊಟ್ಟಿಲ್ಲ:

“ಎಷ್ಟು ದಿನದೊಳಗೆ ಬೀಳದಿದ್ರೆ ಇದು ಸುಳ್ಳು ಅಂತ ಒಪ್ಕೋತೀಯ, ಚಿಕ್ಕಮ್ಮ?”