ಠಪ್ ಎಂದ ಆಕ್ಸಲ್

ಮಾನಪ್ಪ, ನಿನ್ನ ತಮ್ಮ ನಿಂಗಪ್ಪನನ್ನು ಕೊಂದವನು ನಾನು. ಬಿರುಕು ಬಿಟ್ಟ ಆಕ್ಸಲ್ಲನ್ನು ಗೊತ್ತಿದ್ದೇ ನಿನ್ನ ಗಾಡಿಗೆ ಹಾಕಿದೆ. ಗೊತ್ತಿದ್ದೇ— ಈ ಪದ ಬರೆಯುವುದಕ್ಕೆ ಇಷ್ಟು ವರ್ಷ ಹಿಡಿಯಿತು.

ನಿನ್ನ ಹಳೆಯ ಪಿಕಪ್ಪಿಗೆ ಲಾರಿಯ ಎಂಜಿನ್ ಕೂರಿಸಿದವನೂ ನಾನೇ. ಶಹಾಪುರದ ನನ್ನ ಗ್ಯಾರೇಜಿನಲ್ಲಿ ಅದು ಮೊದಲ ಸಲ ಗುಡುಗಿದಾಗ ನಿಂಗಪ್ಪ ನಕ್ಕ: "ಎಂಜಿನ್ ಆನೀದು, ಹಿಂದಿನ ಕಾಲು ಆಡಿಂದು. ಎದ್ದ ನಿಲ್ತದೇನ್ರಿ ಇದು?" ಸರಿಯಾಗಿಯೇ ಹೇಳಿದ್ದ. ಅಷ್ಟು ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸಲು ಮೊದಲಿನ ಆಕ್ಸಲ್ ಸಾಲದು, ತಿರುಚಿಕೊಳ್ಳುತ್ತದೆ. ದಪ್ಪನೆಯದನ್ನು ಹುಡುಕಿಕೊಂಡು ನಾನೂ ನೀನೂ ಯಾದಗಿರಿಯ ಗುಜರಿ ಅಂಗಡಿಗೆ ಹೋದೆವು.

ಅಲ್ಲಿ ಎರಡು ಇದ್ದವು. ಒಂದು ಬಲು ಗಟ್ಟಿ, ಆದರೆ ಅಗಲ ಹೆಚ್ಚು. ಕತ್ತರಿಸಬೇಕು, ಬೆಸೆಯಬೇಕು, ವಾರಗಟ್ಟಲೆ ಕೆಲಸ. ಇನ್ನೊಂದು ಹಾಗೆಯೇ ಕೂರುತ್ತಿತ್ತು. ಅದರ ಶಾಫ್ಟನ್ನು, ಚಕ್ರ ತಿರುಗಿಸುವ ಉಕ್ಕಿನ ಸರಳನ್ನು, ಹಗ್ಗಕ್ಕೆ ತೂಗುಹಾಕಿ ಸುತ್ತಿಗೆಯಿಂದ ಬಡಿದೆ. ಒಳ್ಳೆಯ ಉಕ್ಕು ಗಂಟೆಯ ಹಾಗೆ ಎಳೆದು ನುಡಿಯುತ್ತದೆ. ಇದು ಠಪ್ ಎಂದಿತು. ಮತ್ತೆ ಬಡಿದೆ, ಮತ್ತೆ ಅದೇ ಸದ್ದು: ಒಳಗೆ ಬಿರುಕಿತ್ತು.

"ಏನ್ ಅಣ್ಣಾ, ಹೆಣ್ಣ ನೋಡಾಕ ಬಂದಂಗ ನಿಂತೀರಲ್ಲ," ಎಂದು ನೀನು ಛೇಡಿಸಿದೆ. "ಹೂಂ ಅಂತೀರೋ, ಊರಿಗೋಗಿ ತಿಳಸ್ತೀವಿ ಅಂತೀರೋ?"

"ಗಟ್ಟಿ ಐತಿ. ಹೊರು," ಎಂದೆ.

ಆ ಎಂಜಿನ್ ರಸ್ತೆಯ ಮೇಲೆ ಓಡುವುದನ್ನು ಬೇಗ ನೋಡಬೇಕಿತ್ತು ನನಗೆ. ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ನನ್ನ ನೆನಪು ಮಾತ್ರ ಇನ್ನೊಂದು ಕಥೆ ಕಟ್ಟಿಕೊಂಡಿತು. ಅದರಲ್ಲಿ ನಾನು ಬಡಿಯುವ ಹೊತ್ತಿಗೆ ಲಾರಿಯೊಂದು ಹಾರ್ನ್ ಹೊಡೆಯುತ್ತ ಹಾದುಹೋಗುತ್ತದೆ, ಸದ್ದು ನನಗೆ ಕೇಳುವುದಿಲ್ಲ. ಕೆಲವು ಸಲ ಅದು ಹತ್ತಿ ತುಂಬಿದ ಲಾರಿ, ಕೆಲವು ಸಲ ಭತ್ತದ್ದು. ಅದನ್ನೇ ನಂಬಿ ಬದುಕಿದೆ. ಮೊನ್ನೆ ಯಾದಗಿರಿಗೆ ಹೋದವನು ಆ ಅಂಗಡಿಯ ಕಡೆ ತಿರುಗಿದೆ. ಸಂದಿಯಂಥ ಓಣಿ. ಸಾಮಾನನ್ನೆಲ್ಲ ಕೈಗಾಡಿಯಲ್ಲಿ ತಳ್ಳಿ ತರುತ್ತಾರೆ. ಲಾರಿ ಅಲ್ಲಿಗೆ ಬರುವುದಾದರೂ ಹೇಗೆ? ಆ ಠಪ್ ನನಗೆ ಕೇಳಿಸಿತ್ತು. ಮನೆಗೆ ಬಂದು ಈ ಹಾಳೆ ಹಿಡಿದೆ.

ಆ ಆಕ್ಸಲ್ ಹಾಕಿದ ಮೇಲೆ ಒಂದು ದಿನ ನೀನು ಗಾಡಿ ಓಡಿಸುತ್ತಿದ್ದಾಗ, ಸುರಪುರದ ಗುಡ್ಡದ ಇಳುಕಲಿನಲ್ಲಿ ಶಾಫ್ಟ್ ಮುರಿದು ಚಕ್ರ ಕಳಚಿತು. ಕುರಿಗಳ ಜೊತೆ ಹಿಂದೆ ಕೂತಿದ್ದ ನಿಂಗಪ್ಪ ಗಾಡಿಯ ಅಡಿಗೆ ಸಿಕ್ಕಿದ. ಸುದ್ದಿ ಕೇಳಿ ನಾನು ಓಡಿ ಬಂದಾಗ ನೀನು ರಸ್ತೆಯಲ್ಲಿ ಕೂತಿದ್ದೆ.

"ಗಾಡಿ ಜೋರ್ ಹೊಡದೆ ಅಣ್ಣಾ. ನಾನೇ ಕೊಂದೆ ಅವನ್ನ. ನಿಮ್ಮ ಕೆಲಸದಾಗ ಏನೂ ತಪ್ಪಿಲ್ರಿ."

ಅದಕ್ಕೆ ಮೊದಲೇ ನಾನು ಶಾಫ್ಟಿನ ತುಂಡಾದ ಮುಖ ನೋಡಿದ್ದೆ. ಅರ್ಧ ಬೆಳ್ಳಗೆ ಹೊಳೆಯುತ್ತಿತ್ತು, ಆಗತಾನೇ ಮುರಿದದ್ದು. ಇನ್ನರ್ಧಕ್ಕೆ ತುಕ್ಕು ಹಿಡಿದಿತ್ತು, ಮೊದಲೇ ಬಿರಿದದ್ದು. ನಿನಗೆ ತೋರಿಸಬೇಕಿತ್ತು. ಅದರ ಬದಲು ಕೇಳಿದೆ:

"ಎಷ್ಟ್ ಜೋರ್ ಇತ್ತು?"

ಅಷ್ಟು ಕೇಳಿದ್ದೇ ತಡ, ತಪ್ಪು ಪೂರಾ ನಿನ್ನದಾಯಿತು. ಅಂಥ ಪ್ರಶ್ನೆ ನನ್ನ ಬಾಯಿಂದ ಬಂತು ಎಂಬುದನ್ನು ಇವತ್ತಿಗೂ ನಂಬಲಾಗುತ್ತಿಲ್ಲ. ಆದರೆ ಬಂತು. ಗಾಡಿಯನ್ನು ನನ್ನ ಗ್ಯಾರೇಜಿಗೇ ತಂದರು. ತುಂಡನ್ನು ಗೋಣಿಚೀಲದಲ್ಲಿ ಸುತ್ತಿ ಕಾಲುವೆಗೆ ಎಸೆದವನೂ ನಾನೇ.

ನೀನು ಅಂದಿನಿಂದ ಸ್ಟೇರಿಂಗ್ ಮುಟ್ಟಿಲ್ಲ. ನಿನ್ನ ಅವ್ವ ನಿನ್ನ ತಾಟಿಗೆ ರೊಟ್ಟಿ ಹಾಕುತ್ತಾಳೆ, ಮಾತಾಡುವುದಿಲ್ಲ— ಜನ ಹೇಳುತ್ತಾರೆ. ಇದೂ ನನಗೆ ಗೊತ್ತಿತ್ತು.

ನಾಳೆ ರಂಗಂಪೇಟೆಗೆ, ನಿಮ್ಮ ಮನೆಗೆ ಬರುತ್ತೇನೆ. ಈ ಹಾಳೆ ಕೊಟ್ಟು ಜಾರಿಕೊಳ್ಳುವುದಿಲ್ಲ. ಅವ್ವನ ಎದುರು ಕೂತು ಬಾಯಿಬಿಟ್ಟು ಹೇಳುತ್ತೇನೆ. ನೀನು ಎದ್ದು ಹೋಗಬೇಡ. ಕೇಳಿದ ಮೇಲೆ ಆಕೆ ನನಗೆ ಏನು ಮಾಡಿದರೂ— ಇರಲಿ. ಮೊದಲ ಮಾತನ್ನು ಮಾತ್ರ ಆಕೆ ನಿನ್ನ ಜೊತೆ ಆಡಲಿ.