ಅಕ್ಕನಿಗಾಗಿ ಹಿಡಿದ ಕೆಂಪು ಚಂದ್ರ

ಮಕ್ಕಳೇ, ನಾನು ಚಿಕ್ಕವನಿದ್ದಾಗ, ನಿಮ್ಮಷ್ಟೇ ಎತ್ತರವಿದ್ದಾಗ, ನಮ್ಮ ಅತನೂರಿನಲ್ಲಿ ಗ್ರಹಣ ಹಿಡಿದರೆ ಯಾರ ಮನೆಯಲ್ಲೂ ಒಲೆ ಹೊತ್ತುತ್ತಿರಲಿಲ್ಲ. ಆ ಸಲ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಸುರಿ ಗ್ರಹಣ ನೋಡಬಾರದೆಂದು ಅವ್ವ ಅವಳನ್ನು ಒಳಕೋಣೆಯಲ್ಲಿ ಕೂರಿಸಿ, ಮಾಳಿಗೆಯ ಬೆಳಕಿಂಡಿಗೂ ಗೋಣಿಚೀಲ ಮುಚ್ಚಿದಳು.

"ಚಂದ್ರ ಕೆಂಪಗ ಆಗ್ತಾನಂತ. ನನಗೊಂದು ಫೋಟೋ ಹಿಡದು ತೋರಿಸೋ ತಮ್ಮಾ," ಎಂದು ಅಕ್ಕ ಪಿಸುಗುಟ್ಟಿದಳು.

ನಮ್ಮ ಮನೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಮಾಸ್ತರರು ನನ್ನನ್ನು ನಂಬಿ ತಮ್ಮ ಕ್ಯಾಮೆರಾ ಕೊಟ್ಟರು. "ರೀಲಿನ್ಯಾಗ ಒಂದ ಫೋಟೋ ಉಳದದ. ಕೈ ಅಲುಗಿದ್ರ ಚಂದ್ರ ಅಂಬಲಿ ಆಗ್ತಾನ ನೋಡು," ಎಂದು ನಕ್ಕರು.

ಸಂಜೆ ಮಾಳಿಗೆ ಹತ್ತಿ ಜೋಳದ ಚೀಲದ ಮೇಲೆ ಕ್ಯಾಮೆರಾ ಊರಿದೆ. ಕಾದ ಮಣ್ಣಿನ ವಾಸನೆ, ಗಾಳಿಯಲ್ಲಿ ತೊಗರಿ ಹೊಟ್ಟಿನ ಧೂಳು. ಹೊಲಗಳಾಚೆ ಚಂದ್ರ ಹಳೆಯ ತಾಮ್ರದ ಕೊಡದಂತೆ ಮೂಡಿದ. ಮಾಸ್ತರರು ಹೇಳಿದಂತೆ ಉಸಿರು ಬಿಗಿಹಿಡಿದು, ಗುಂಡಿ ಒತ್ತಿ, ಹತ್ತು ಎಣಿಸಿ ಬಿಟ್ಟೆ.

ಗ್ರಹಣ ಬಿಟ್ಟ ಮೇಲೆ ಮನೆಯಲ್ಲಿದ್ದುದನ್ನೆಲ್ಲ ತೊಳೆಯುವುದು ನಮ್ಮ ಪದ್ಧತಿ. ನಾನು ಜಳಕ ಮುಗಿಸಿ ಬರುವಷ್ಟರಲ್ಲಿ ಅವ್ವ ಕೊಡ, ತಂಬಿಗೆಗಳ ಜೊತೆ ಕ್ಯಾಮೆರಾವನ್ನೂ ಬೂದಿ ಹಚ್ಚಿ ತೊಳೆದು ಬೋರಲು ಹಾಕಿದ್ದಳು!

"ಅದೂ ಗ್ರಹಣದಾಗ ಇತ್ತಲ್ಲೋ," ಎಂದಳು.

ಮರುದಿನ ಅಪ್ಪ ನನ್ನೊಂದಿಗೆ ಬಂದು ಮಾಸ್ತರರ ಮುಂದೆ ಕೈಮುಗಿದು ನಿಂತ. "ತಪ್ಪಾಗ್ಯದರಿ. ಹುಡುಗನ್ನ ಸಾಲಿ ಬಿಡಿಸಬ್ಯಾಡ್ರಿ."

ಮಾಸ್ತರರು ಕ್ಯಾಮೆರಾ ಓರೆ ಮಾಡಿದರು. ಬೂದಿನೀರು ತೊಟ್ಟಿಕ್ಕಿತು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮವ್ವ ಕ್ಯಾಮೆರಾ ತೊಳದಾಳ, ನಿನ್ನ ಕಣ್ಣು ತೊಳದಿಲ್ಲಲ್ಲ? ಕಂಡದ್ದು ಬರಿ. ಅಕ್ಕಗ ಓದಿ ಹೇಳು," ಎಂದರು.

ಹೊಡೆದು ಹಾಕಿ, ತಿದ್ದಿ, ಎರಡು ಪುಟ ಬರೆದೆ. ಅಕ್ಕ ಕಣ್ಣು ಮುಚ್ಚಿ ಕೇಳಿ, "ಇನ್ನೊಮ್ಮೆ ಓದು," ಎಂದಳು. ಮುಂದೆ ನಮ್ಮ ಮನೆತನದಲ್ಲೇ ಮೊದಲು ಡಿಗ್ರಿ ಮುಗಿಸಿದವನು ನಾನು. ಆ ಓದು ಶುರುವಾದದ್ದು ಆ ಎರಡು ಪುಟಗಳಿಂದಲೇ ಎಂದು ಈಗಲೂ ಹೆಮ್ಮೆಯಿಂದ ಹೇಳುತ್ತೇನೆ.

ಮೊನ್ನೆಯ ಗ್ರಹಣದಲ್ಲಿ ನೀವು ಮೊಬೈಲನ್ನು ಜೋಳದ ಚೀಲಕ್ಕೇ ಒರಗಿಸಿ, ಟೈಮರ್ ಇಟ್ಟು, ಬೆಳಕು ಕಡಿಮೆ ಮಾಡಿ ಮೂವತ್ತು ಫೋಟೋ ತೆಗೆದಿರಿ. ಇಪ್ಪತ್ತೆಂಟು ಅಂಬಲಿ! ಆದರೂ ಮತ್ತೆ ಮತ್ತೆ ತೆಗೆಯಲು ನಿಮಗೆ ಅಡ್ಡಿಯಿರಲಿಲ್ಲ. ಮೊಬೈಲನ್ನು ಯಾರೂ ತೊಳೆಯಲೂ ಇಲ್ಲ. ಚಂದ್ರ ಇನ್ನೂ ಕೆಂಪಗಿರುವಾಗಲೇ ಅಕ್ಕ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದಳು. "ಆಯಿ, ಫೋಟೋ ನೋಡು!" ಎಂದು ನೀವೆಲ್ಲ ನಿಮ್ಮ ಅಜ್ಜಿಯನ್ನು ಮುತ್ತಿದಿರಿ.

"ಅದನ್ನ ಆಮ್ಯಾಲ ತೋರಿಸ್ರೆವ್ವಾ," ಎಂದಳು ಅಕ್ಕ. "ಸ್ವಲ್ಪ ಅತ್ತ ಸರೀರಿ, ಚಂದ್ರ ಕಾಣವಲ್ಲ."