ಮುಳ್ಳು ಮೂಡಿಸಿದ ಯಮುನಾ

ಜೋಗುಪಾಳ್ಯದ ಇಡ್ಲಿ ಪಿಳ್ಳಮ್ಮನ ಮಗಳು ಯಮುನಾಗೆ ನಾಳೆಯ ಕೆಲಸವನ್ನು ಇವತ್ತೇ ಮಾಡಿಡುವುದು ಹುಟ್ಟಿನಿಂದ ಬಂದ ಗುಣ. ಬೆಳಗಾದ ಮೇಲೆ ತಡಕಾಡುವವರನ್ನು ಕಂಡರೆ ಪಿಳ್ಳಮ್ಮನಿಗೆ ಆಗುತ್ತಿರಲಿಲ್ಲ. ಸಂಜೆಗೇ ಹಿಟ್ಟು ರುಬ್ಬಿ ಮುಚ್ಚಿಡಬೇಕು. ಬಿ.ಎಸ್ಸಿ. ಮುಗಿಸಿ ಇಂದಿರಾನಗರದ ಪುಟ್ಟ ಲ್ಯಾಬಿಗೆ ಸೇರಿದಾಗ, ೨೦೦೮ರಲ್ಲಿ, ಹುಡುಗಿ ಈ ಗುಣವನ್ನೂ ಜೊತೆಗೇ ಕೊಂಡೊಯ್ದಳು.

ಅಲ್ಲಿನ ಕೆಲಸ ಚಿನ್ನದ್ದು. ಸರ, ಬಳೆಯ ಚಿನ್ನವಲ್ಲ, ನೀರಿನಲ್ಲಿ ಕರಗಿದ ಚಿನ್ನದ ಲವಣ. ಅದಕ್ಕೆ ಚಿನ್ನದ ಬೀಜಕಣ ಬಿಟ್ಟು, ಒಂದು ತೊಟ್ಟು ಬೆಳ್ಳಿಯ ದ್ರಾವಣ ಹಾಕಿ, ವಿಟಮಿನ್ ಸಿ ಕರಗಿಸಿದ ನೀರು ಸುರಿದರೆ, ಲವಣದೊಳಗಿನ ಚಿನ್ನ ಹೊರಬಂದು ಬೀಜದ ಸುತ್ತ ಕೂರುತ್ತದೆ. ನಿಧಾನಕ್ಕೆ ಕೂತರೆ ಕಣ ಗುಂಡಗಾಗಿ ನೀರು ಕೆಂಪು. ಸರಸರನೆ ಕೂತರೆ ನೆಗ್ಗಿಲು ಮುಳ್ಳಿನ ಹಾಗೆ ಸುತ್ತಲೂ ಮೊನೆ ಎದ್ದು ನೀರು ನೀಲಿ. ಕಾಯಿಲೆ ಪತ್ತೆಹಚ್ಚುವ ಕಾಗದದ ಪಟ್ಟಿಗಾಗಿ ಲ್ಯಾಬಿನ ಯಜಮಾನ ಕೇದಾರ್‌ಗೆ ಬೇಕಾಗಿದ್ದದ್ದು ಈ ಮುಳ್ಳಿನ ಕಣ.

ಸೇರಿದ ದಿನವೇ ಯಮುನಾ ಕೈಯಲ್ಲಿ ನೀಲಿ ಬಂತು. ಆಮೇಲೆ ನೋಡಿದರೆ ಬರೀ ಕೆಂಪು.

“ಏನ್ರೀ, ಫಸ್ಟ್ ದಿನ ಮಂತ್ರ ಗಿಂತ್ರ ಹಾಕಿದ್ರಾ?” ಎಂದ ಕೇದಾರ್. “ಶುಕ್ರವಾರ ಆಸ್ಪತ್ರೆಯವರು ನೋಡಕ್ಕೆ ಬರ್ತಾರೆ. ಅಷ್ಟರಲ್ಲಿ ನೀಲಿ ಬರ್ಲಿಲ್ಲ ಅಂದ್ರೆ ಇದನ್ನ ನಿಲ್ಲಿಸ್ಬಿಡೋಣ. ನಿಮ್ಮನ್ನ ಪ್ಯಾಕಿಂಗ್‌ಗೆ ಹಾಕ್ತೀನಿ.”

ಯಮುನಾಗೆ ಊಟ ಸೇರಲಿಲ್ಲ. ಬಣ್ಣ ತಿರುಗುವ ಆ ಒಂದು ಗಳಿಗೆಗಾಗಿಯೇ ಅವಳು ದಿನಾ ಬರುತ್ತಿದ್ದದ್ದು. ಗಾಜಿನ ಸಾಮಾನನ್ನು ಇನ್ನೂ ಚೆನ್ನಾಗಿ ತೊಳೆದಳು. ಎಂದಿನಂತೆ ಮರುದಿನದ ವಿಟಮಿನ್ ನೀರನ್ನು ಸಂಜೆಗೇ ಕಲಸಿ, ಲೇಬಲ್ ಹಚ್ಚಿ, ಮೇಜಿನ ಮೇಲೆ ಸಾಲಾಗಿ ಇಟ್ಟಳು. ಕೆಂಪು ಬಿಡಲಿಲ್ಲ.

ಬುಧವಾರ ಸಂಜೆ ಪಿಳ್ಳಮ್ಮನ ಫೋನು: “ನಲ್ಲೀಲಿ ನೀರ್ ಬಂದೈತೆ ಕಣೇ, ನಂಗೆ ಬಿಂದಿಗೆ ಎತ್ತಕ್ಕಾಗಲ್ಲ, ಓಡ್ಬಾ.” ಯಮುನಾ ಏನೂ ಕಲಸಿಡದೆ ಓಡಿದಳು.

ಗುರುವಾರ ಬೆಳಗ್ಗೆ ನಾಚಿಕೆಯಿಂದಲೇ ವಿಟಮಿನ್ ಪುಡಿ ಕರಗಿಸಿ, ಹಾಗೇ ಸುರಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ನೀಲಿ.

ಆಗ ಅವಳಿಗೆ ಹೊಳೆಯಿತು: ಮೊದಲ ದಿನವೂ ಮುಂಚೆ ಕಲಸಿಟ್ಟದ್ದು ಇರಲಿಲ್ಲವಲ್ಲ. ಮಂಗಳವಾರ ಸಂಜೆ ಕಲಸಿದ್ದ ಬಾಟಲಿಯಲ್ಲಿ ಉಳಿದಿದ್ದನ್ನು ಇನ್ನೊಂದು ಟ್ಯೂಬಿಗೆ ಸುರಿದಳು. ಕೆಂಪು. ಎರಡನ್ನೂ ಹಿಡಿದು ಕೇದಾರ್ ಹತ್ತಿರ ಹೋದಳು.

“ಸರ್, ತಪ್ಪು ನಂದೇ. ಹಿಂದಿನ ದಿನಾನೇ ಕಲಸಿಡ್ತಿದ್ದೆ. ಬೆಳಗಾಗೋಷ್ಟರಲ್ಲಿ ಅದರ ಕಸುವು ಹೋಗ್ಬಿಡತ್ತೆ.”

“ಇಡ್ಲಿ ಹಿಟ್ಟು ಅನ್ಕೊಂಡ್ರಾ?”

“ಹೂಂ ಸರ್.”

ಕೇದಾರ್‌ಗೆ ನಗು ತಡೆಯಲಾಗಲಿಲ್ಲ. “ನಾನೂ ಕೇಳ್ಲಿಲ್ಲ ಬಿಡಿ. ಅಷ್ಟು ನೀಟಾಗಿ ಲೇಬಲ್ ಹಚ್ಚಿದ್ರೆ ಯಾರಿಗ್ರೀ ಅನುಮಾನ ಬರತ್ತೆ? ಇನ್ನೊಂದ್ಸಲ ಮಾಡಿ, ನೋಡೋಣ.”

ಮಾಡಿದಳು, ನೀಲಿ. ಮಧ್ಯಾಹ್ನ ಮತ್ತೆ ಮಾಡಿದಳು, ನೀಲಿಯೇ.

ಶುಕ್ರವಾರ ಬಂದ ಡಾಕ್ಟರಮ್ಮನ ಕಣ್ಣೆದುರೇ ಪುಡಿ ತೂಗಿ, ಕರಗಿಸಿ, ಸುರಿದಳು. ಬಣ್ಣ ತಿರುಗಿದ್ದನ್ನು ಕಂಡ ಆಕೆ, “ನಾಳೇನೂ ಹೀಗೇ ಬರತ್ತಾ?” ಎಂದು ಕೇದಾರ್‌ನನ್ನು ಕೇಳಿದರು.

“ಅವರನ್ನೇ ಕೇಳಿ ಮೇಡಂ,” ಎಂದ ಕೇದಾರ್. “ಮುಳ್ಳಿನ ಕೆಲಸ ಇನ್ಮೇಲೆ ಅವರದ್ದೇ.”